ಬಣ್ಣವಿಲ್ಲದ ಸಿಗರೇಟು ಪ್ಯಾಕು: ಸೇದುವುದು ನಿಜಕ್ಕೂ ಕಡಿಮೆ ಆಗುತ್ತಾ?

ಆಸ್ಟ್ರೇಲಿಯಾದ ಅಂಗಡಿಯಲ್ಲಿ ಯಾವ ಕಂಪನಿಯ ಸಿಗರೇಟು ಕೇಳಿದರೂ ಕೈಗೆ ಬರುವ ಪ್ಯಾಕು ಒಂದೇ ತರಹ ಇರುತ್ತದೆ. ಹಸಿರು ಬೆರೆತ ಮಂಕು ಕಂದು ಬಣ್ಣ. ಮುಂಬದಿಯ ಮುಕ್ಕಾಲು ಭಾಗ ಕೊಳೆತ ಕಾಲಿನದೋ, ಕ್ಯಾನ್ಸರ್ ಆದ ಬಾಯಿಯದೋ ಚಿತ್ರ. ಕಂಪನಿಯ ಹೆಸರು ಕೆಳಗೆ, ಸಣ್ಣ ಅಕ್ಷರದಲ್ಲಿ. ಎಲ್ಲ ಕಂಪನಿಗೂ ಅದೇ ಅಕ್ಷರ, ಅದೇ ಗಾತ್ರ. ಲೋಗೋ ಇಲ್ಲ, ಚಿನ್ನದ ಗೆರೆ ಇಲ್ಲ, ಹೊಳಪಿನ ಕಾಗದ ಇಲ್ಲ. 2011ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿತು. 2012ರ ಡಿಸೆಂಬರ್ 1ರಿಂದ ದೇಶದ ಎಲ್ಲ ಅಂಗಡಿಗಳಲ್ಲೂ ಇಂಥ ಪ್ಯಾಕು ಮಾತ್ರ ಮಾರಬೇಕು ಅಂತಾಯಿತು. ಜಗತ್ತಿನಲ್ಲಿ ಈ ಕೆಲಸ ಮೊದಲು ಮಾಡಿದ ದೇಶ ಅದೇ.

ಈ ಸಾದಾ ಪ್ಯಾಕಿನ ಕಾನೂನು ಭಾರತಕ್ಕೂ ಬರಬೇಕು ಅನ್ನುವ ಮಾತು ಹಳೆಯದು. 2014ರಲ್ಲಿ ಅಲಹಾಬಾದ್ ಹೈಕೋರ್ಟು ಇದನ್ನು ಪರಿಶೀಲಿಸಿ ಅಂತ ಕೇಂದ್ರ ಸರ್ಕಾರಕ್ಕೆ ಹೇಳಿತ್ತು. ವಿಶ್ವ ಆರೋಗ್ಯ ಸಂಸ್ಥೆ 2016ರ ತಂಬಾಕು ವಿರೋಧಿ ದಿನವನ್ನು ಇದೇ ವಿಷಯಕ್ಕೆ ಮೀಸಲಿಟ್ಟಿತ್ತು. ಈ ಮಾತು ಎತ್ತಿದರೆ ಬೆಳಗಾವಿಯಲ್ಲಿ ಯಾರಾದರೂ ಕೇಳುವ ಮೊದಲ ಪ್ರಶ್ನೆ ಒಂದೇ: ಡಬ್ಬಿ ಬಣ್ಣ ಬದಲಾಯಿಸಿದರೆ ಚಟ ಹೋಗುತ್ತಾ?

ನ್ಯಾಯವಾದ ಪ್ರಶ್ನೆ. ಓದಿ, ವಿಚಾರಿಸಿ ನಾನು ಬಂದಿರುವ ಉತ್ತರ ಇದು: ಸಾದಾ ಪ್ಯಾಕು ಕೆಲಸ ಮಾಡುತ್ತದೆ. ಸ್ವಲ್ಪ ಸ್ವಲ್ಪವೇ ಮಾಡುತ್ತದೆ, ನಿಧಾನವಾಗಿ ಮಾಡುತ್ತದೆ. ಆದರೆ ಆ ಪ್ಯಾಕು ಸೇದುವವನ ಕೈಗೆ ಬರಬೇಕು. ನಮ್ಮ ಕಡೆ ಸಮಸ್ಯೆ ಇರುವುದೇ ಅಲ್ಲಿ.

ಮೊದಲು ಪ್ಯಾಕಿಗೆ ಇಷ್ಟು ಮಹತ್ವ ಯಾಕೆ ಅಂತ ನೋಡೋಣ. ಭಾರತದಲ್ಲಿ 2003ರ ತಂಬಾಕು ಕಾಯ್ದೆ ಬಂದ ಮೇಲೆ ಟಿವಿಯಲ್ಲಿ, ಪತ್ರಿಕೆಯಲ್ಲಿ, ರಸ್ತೆಯ ದೊಡ್ಡ ಬೋರ್ಡುಗಳಲ್ಲಿ ಸಿಗರೇಟಿನ ಜಾಹೀರಾತು ನಿಂತಿತು. ಬೇರೆ ಎಷ್ಟೋ ದೇಶಗಳಲ್ಲೂ ಹೀಗೇ ಆಗಿದೆ. ಎಲ್ಲ ಬಾಗಿಲು ಮುಚ್ಚಿದ ಮೇಲೆ ಕಂಪನಿಗೆ ಉಳಿದದ್ದು ಪ್ಯಾಕು ಒಂದೇ. ಸೇದುವವನು ಅದನ್ನು ದಿನಕ್ಕೆ ಹತ್ತು ಹದಿನೈದು ಸಲ ಜೇಬಿನಿಂದ ತೆಗೆಯುತ್ತಾನೆ. ಚಹಾದಂಗಡಿಯ ಮೇಜಿನ ಮೇಲೆ ಇಡುತ್ತಾನೆ. ಗೆಳೆಯರು ನೋಡುತ್ತಾರೆ. ಯಾವ ಬ್ರಾಂಡು ಅನ್ನುವುದರ ಮೇಲೆ ಅವನ ದರ್ಜೆ ಅಳೆಯುತ್ತಾರೆ. ಅಂದರೆ ಸೇದುವವನೇ ಕಂಪನಿಯ ಜಾಹೀರಾತನ್ನು ಪುಕ್ಕಟೆ ಹೊತ್ತು ತಿರುಗುತ್ತಾನೆ. ಸಾದಾ ಪ್ಯಾಕಿನ ಕಾನೂನು ಮುಟ್ಟುವುದು ಈ ಜಾಗವನ್ನು.

ಬಣ್ಣ ಆರಿಸಿದ ರೀತಿಯೂ ತಿಳಿಯುವಂಥದ್ದು. ಸಾಮಾನ್ಯವಾಗಿ ಮಾರುಕಟ್ಟೆ ಸಂಶೋಧಕರನ್ನು ಕರೆಯುವುದು ಜನರಿಗೆ ಇಷ್ಟವಾಗುವ ಬಣ್ಣ ಹುಡುಕಲು. ಆಸ್ಟ್ರೇಲಿಯಾ ಸರ್ಕಾರ ಜನರಿಗೆ ಅತ್ಯಂತ ಬೇಡವಾದ ಬಣ್ಣ ಹುಡುಕಿ ಕೊಡಿ ಅಂತ ಕೇಳಿತು. ಸಾವಿರಕ್ಕೂ ಹೆಚ್ಚು ಸೇದುವವರ ಮುಂದೆ ಬೇರೆ ಬೇರೆ ಬಣ್ಣ ಇಟ್ಟು ಕೇಳಿದರು. ಕೊನೆಗೆ ಉಳಿದದ್ದು ಮುದ್ರಣದವರ ಪಟ್ಟಿಯಲ್ಲಿ ಪ್ಯಾಂಟೋನ್ 448 ಸಿ ಅನ್ನುವ ಬಣ್ಣ. ಮೊದಲು ಅದನ್ನು ಆಲಿವ್ ಹಸಿರು ಅಂತ ಕರೆದಿದ್ದರು. ಆಲಿವ್ ಬೆಳೆಗಾರರು ತಕರಾರು ತೆಗೆದ ಮೇಲೆ ಮಂಕು ಕಂದು ಅಂತ ಬದಲಾಯಿಸಿದರು.

ಬಣ್ಣ ಇಷ್ಟೊಂದು ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಕಂಪನಿಗಳು ಹಿಂದೆ ಪ್ಯಾಕಿನ ಮೇಲೆ ‘ಲೈಟ್’, ‘ಮೈಲ್ಡ್’ ಅಂತ ಬರೆಯುತ್ತಿದ್ದವು. ಓದಿದವನಿಗೆ ಇದು ಕಡಿಮೆ ಅಪಾಯದ್ದು ಅನ್ನಿಸುತ್ತಿತ್ತು. ಅದು ಸುಳ್ಳು. ‘ಲೈಟ್’ ಸೇದುವವನ ಎದೆಗೂ ಅದೇ ವಿಷ ಹೋಗುತ್ತದೆ, ಯಾಕೆಂದರೆ ಅವನು ಜೋರಾಗಿ ಎಳೆಯುತ್ತಾನೆ, ಇನ್ನೊಂದು ಜಾಸ್ತಿ ಸೇದುತ್ತಾನೆ. ಬಹಳ ದೇಶಗಳು ಆ ಶಬ್ದಗಳನ್ನು ನಿಷೇಧಿಸಿದವು. ಆಗ ಶಬ್ದದ ಕೆಲಸವನ್ನು ಬಣ್ಣ ವಹಿಸಿಕೊಂಡಿತು. ಕಡು ಕೆಂಪು ಅಂದರೆ ಖಡಕ್, ಬೆಳ್ಳಿ ಅಥವಾ ತಿಳಿ ನೀಲಿ ಅಂದರೆ ಹಗುರ. ಒಂದಕ್ಷರ ಬರೆಯದೆ ಅದೇ ಸುಳ್ಳನ್ನು ಹೇಳಲು ಸಾಧ್ಯವಾಯಿತು. ಎಲ್ಲ ಪ್ಯಾಕೂ ಒಂದೇ ಬಣ್ಣದ್ದಾದರೆ ಈ ದಾರಿ ಕಟ್ಟಾಗುತ್ತದೆ.

ಇನ್ನೊಂದು ಸಂಗತಿ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಹೊಸ ಪ್ಯಾಕು ಬಂದ ಮೇಲೆ ಆಸ್ಟ್ರೇಲಿಯಾದ ಕೆಲವರು ಸಿಗರೇಟಿನ ರುಚಿ ಕೆಟ್ಟಿದೆ ಅಂತ ದೂರು ಹೇಳತೊಡಗಿದರು. ಒಳಗಿನ ಸಿಗರೇಟು ಬದಲಾಗಿರಲಿಲ್ಲ. ಆಗಿನ ಆರೋಗ್ಯ ಮಂತ್ರಿ ತಾನ್ಯಾ ಪ್ಲಿಬರ್ಸೆಕ್ ಅದನ್ನೇ ಹೇಳಿದರು: ಪ್ಯಾಕು ಹೇಸಿಗೆ ಅನ್ನಿಸಿದ್ದಕ್ಕೆ ರುಚಿಯೂ ಹೇಸಿಗೆ ಅನ್ನಿಸುತ್ತಿದೆ, ಅಷ್ಟೇ. ಸಂಶೋಧಕರು ವಿಕ್ಟೋರಿಯಾ ರಾಜ್ಯದಲ್ಲಿ ಹಳೆ ಪ್ಯಾಕು, ಹೊಸ ಪ್ಯಾಕು ಎರಡೂ ಚಾಲ್ತಿಯಲ್ಲಿದ್ದಾಗ ಸೇದುವವರನ್ನು ಮಾತಾಡಿಸಿದರು. ಹೊಸ ಪ್ಯಾಕು ಹಿಡಿದವರು ತಮ್ಮ ಸಿಗರೇಟು ವರ್ಷದ ಹಿಂದಿಗಿಂತ ಕಳಪೆಯಾಗಿದೆ, ಮೊದಲಿನ ಮಜಾ ಇಲ್ಲ ಅಂದರು. ಬಿಡಬೇಕು ಅನ್ನುವ ಯೋಚನೆಯೂ ಅವರಲ್ಲೇ ಜಾಸ್ತಿ ಇತ್ತು. ಸೇದುವ ಸುಖದಲ್ಲಿ ಒಂದು ಪಾಲು ತಂಬಾಕಿನದಲ್ಲ, ಡಬ್ಬಿಯದು ಅಂತ ಇದರಿಂದ ಗೊತ್ತಾಗುತ್ತದೆ.

ಯೋಚನೆ ಬಂದರೆ ಸಾಕೇ? ನಿಜವಾಗಿ ಸೇದುವವರು ಕಡಿಮೆಯಾದರೇ? ಇಲ್ಲಿ ಅಂಕಿಗಳನ್ನು ನಿಧಾನವಾಗಿ ನೋಡಬೇಕು.

ಆಸ್ಟ್ರೇಲಿಯಾ ಸರ್ಕಾರ 2016ರಲ್ಲಿ ಲೆಕ್ಕ ಹೊರಗಿಟ್ಟಿತು. ಕಾನೂನಿಗೆ ಮೊದಲಿನ ಸುಮಾರು 3 ವರ್ಷಗಳಲ್ಲಿ 14 ವರ್ಷ ದಾಟಿದವರಲ್ಲಿ ಸರಾಸರಿ ಶೇ. 19.4ರಷ್ಟು ಜನ ಸೇದುತ್ತಿದ್ದರು. ನಂತರದ 3 ವರ್ಷಗಳಲ್ಲಿ ಅದು ಶೇ. 17.2ಕ್ಕೆ ಇಳಿಯಿತು. ಒಟ್ಟು ಇಳಿಕೆ 2.2 ಶೇಕಡಾ ಅಂಶ. ಇದರಲ್ಲಿ 0.55 ಅಂಶ ಪ್ಯಾಕಿನ ಬದಲಾವಣೆಯಿಂದ ಆದದ್ದು ಅಂತ ಸರ್ಕಾರದ ವಿಶ್ಲೇಷಣೆ ಹೇಳಿತು. ಅಂದರೆ ಇಳಿಕೆಯ ಕಾಲು ಭಾಗ. ಆ ದೇಶದ ಲೆಕ್ಕದಲ್ಲಿ ಒಂದು ಲಕ್ಷಕ್ಕೂ ಮೇಲೆ ಜನ. ಉಳಿದ ಮುಕ್ಕಾಲು ಭಾಗ ಬೇರೆ ಕಾರಣಗಳದ್ದು: ತೆರಿಗೆ, ಸಾರ್ವಜನಿಕ ಜಾಗಗಳಲ್ಲಿ ನಿಷೇಧ, ವರ್ಷಾನುಗಟ್ಟಲೆ ನಡೆದ ಪ್ರಚಾರ.

0.55 ಕೇಳಲು ಬಹಳ ಸಣ್ಣದು. ಆದರೆ ಒಂದು ಲಕ್ಷ ಜನರಲ್ಲಿ ಅದು 550 ಜನ. ಬಿಡದೆ ಸೇದುತ್ತಾ ಹೋಗುವವರಲ್ಲಿ ಅರ್ಧದಷ್ಟು ಜನರನ್ನು ತಂಬಾಕೇ ಕೊಲ್ಲುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ 550ರಲ್ಲಿ ಎಷ್ಟು ಮನೆಗಳ ಯಜಮಾನರು ಉಳಿದರು ಅಂತ ನೀವೇ ಲೆಕ್ಕ ಹಾಕಿ. ಸರ್ಕಾರಕ್ಕೆ ಇದಕ್ಕಾಗಿ ಆಸ್ಪತ್ರೆ ಕಟ್ಟಬೇಕಿಲ್ಲ, ಔಷಧಿ ಕೊಳ್ಳಬೇಕಿಲ್ಲ. ಒಂದು ನಿಯಮ ಬರೆದು ಜಾರಿ ಮಾಡಿದರೆ ಆಯಿತು.

ಅನುಮಾನ ಪಡುವವರ ಮಾತನ್ನೂ ಕೇಳಬೇಕು, ಅದರಲ್ಲಿ ಹುರುಳಿದೆ. ಆಸ್ಟ್ರೇಲಿಯಾದಲ್ಲಿ ಸಾದಾ ಪ್ಯಾಕು ಬಂದ ದಿನವೇ ಎಚ್ಚರಿಕೆಯ ಚಿತ್ರವೂ ದೊಡ್ಡದಾಯಿತು. ಮುಂಬದಿಯಲ್ಲಿ ಶೇ. 30 ಇದ್ದದ್ದು ಶೇ. 75 ಆಯಿತು. ಹಾಗಾದರೆ ಜನ ಬಿಟ್ಟಿದ್ದು ಬಣ್ಣ ಹೋಗಿದ್ದಕ್ಕೋ, ಚಿತ್ರ ದೊಡ್ಡದಾಗಿದ್ದಕ್ಕೋ? ಎರಡನ್ನೂ ಬೇರೆ ಮಾಡಿ ತೋರಿಸುವುದು ಕಷ್ಟ. 2013ರ ಕೊನೆಯಿಂದ ಅಲ್ಲಿ ವರ್ಷ ವರ್ಷವೂ ತೆರಿಗೆಯನ್ನು ಶೇ. 12.5 ಏರಿಸುತ್ತಾ ಹೋದರು. ಬೆಲೆ ಏರಿದರೆ ಯಾವ ದೇಶದಲ್ಲಾದರೂ ಸೇದುವುದು ಕಡಿಮೆಯಾಗುತ್ತದೆ. ಅಷ್ಟಾದರೂ ದಿನವೂ ಸೇದುವವರ ಪ್ರಮಾಣ 2013ರಲ್ಲಿ ಶೇ. 12.8 ಇದ್ದದ್ದು 2016ಕ್ಕೆ ಶೇ. 12.2ಕ್ಕೆ ಮಾತ್ರ ಇಳಿಯಿತು. ಆ ಮೂರು ವರ್ಷ ಇಳಿಕೆ ಹೆಚ್ಚು ಕಡಿಮೆ ನಿಂತೇ ಹೋಗಿತ್ತು. ಆಮೇಲೆ ಮತ್ತೆ ಇಳಿದು 2022-23ರ ಹೊತ್ತಿಗೆ ಶೇ. 8.3 ಆಯಿತು.

ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2017ರಲ್ಲಿ 51 ಅಧ್ಯಯನಗಳನ್ನು ಪರಿಶೀಲಿಸಿತು. ಸಾದಾ ಪ್ಯಾಕಿನ ಆಕರ್ಷಣೆ ಕಡಿಮೆ ಅನ್ನುವುದಕ್ಕೆ ಅದಕ್ಕೆ ಸಾಕಷ್ಟು ಆಧಾರ ಸಿಕ್ಕಿತು. ಸೇದುವವರ ಸಂಖ್ಯೆ ಇಳಿಯಬಹುದು ಅನ್ನುವುದಕ್ಕೂ ಆಧಾರವಿದೆ, ಆದರೆ ಅದು ಸೀಮಿತ ಅಂತ ಹೇಳಿತು. ನಾನು ಈ ತೀರ್ಪನ್ನು ಒಪ್ಪುತ್ತೇನೆ. ಸಾದಾ ಪ್ಯಾಕು ಒಂದೇ ಏಟಿಗೆ ಚಟ ಬಿಡಿಸುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಏನೂ ಆಗುವುದಿಲ್ಲ ಅನ್ನುವುದೂ ಸುಳ್ಳೇ.

ಇಲ್ಲಿ ಒಂದು ವಿಷಯ ಬಹಳ ಜನ ಮರೆಯುತ್ತಾರೆ. ಇಪ್ಪತ್ತು ವರ್ಷದಿಂದ ಸೇದುತ್ತಿರುವವನನ್ನು ಬಿಡಿಸುವುದಕ್ಕಿಂತ, ಇನ್ನೂ ಶುರು ಮಾಡದ ಹುಡುಗನನ್ನು ದೂರ ಇಡುವುದೇ ಈ ಕಾನೂನಿನ ದೊಡ್ಡ ಗುರಿ. ಹಳಬನಿಗೆ ನಿಕೋಟಿನ್ ಬೇಕೇ ಬೇಕು, ಡಬ್ಬಿ ಯಾವ ಬಣ್ಣದ್ದಾದರೂ ಅವನು ಕೊಳ್ಳುತ್ತಾನೆ. ಹದಿನಾರರ ಹುಡುಗನಿಗೆ ಇನ್ನೂ ನಿಕೋಟಿನ್ ಹಿಡಿದಿರುವುದಿಲ್ಲ. ಅವನಿಗೆ ಬೇಕಿರುವುದು ದೊಡ್ಡವನಾದೆ ಅನ್ನುವ ಭಾವನೆ, ಗೆಳೆಯರ ನಡುವೆ ಒಂದು ಗತ್ತು. ಬ್ರಾಂಡು ಮಾರುವುದು ಅದನ್ನೇ. ಆ ಹೊಳಪನ್ನು ತೆಗೆದರೆ ಉಳಿಯುವುದು ಕೆಮ್ಮು ಮತ್ತು ಕಹಿ. ಇಂಥ ಕಾನೂನಿನ ಪೂರ್ತಿ ಫಲ ಮೂರು ವರ್ಷದಲ್ಲಿ ಕಾಣಿಸುವುದಿಲ್ಲ. ಅಂಥ ಪ್ಯಾಕು ಮಾತ್ರ ನೋಡುತ್ತಾ ಬೆಳೆದ ಮಕ್ಕಳು ಇಪ್ಪತ್ತೈದು ದಾಟಿದಾಗ ಕಾಣಿಸುತ್ತದೆ.

ಕಂಪನಿಗಳು ಏನು ಮಾಡಿದವು ಅನ್ನುವುದೂ ಒಂದು ಸಾಕ್ಷಿ. ಡಬ್ಬಿಯ ಬಣ್ಣದಿಂದ ಮಾರಾಟಕ್ಕೆ ಏನೂ ಆಗುವುದಿಲ್ಲ ಅಂದಿದ್ದರೆ ಅವು ಸುಮ್ನೆ ಇರುತ್ತಿದ್ದವು. ಹಾಗೆ ಆಗಲಿಲ್ಲ. ನಮ್ಮ ಸುಪ್ರೀಂ ಕೋರ್ಟಿಗೆ ಸಮನಾದ ಆಸ್ಟ್ರೇಲಿಯಾದ ಹೈಕೋರ್ಟಿಗೆ ಹೋದವು. ನಮ್ಮ ಟ್ರೇಡ್‌ಮಾರ್ಕನ್ನು ಸರ್ಕಾರ ಪರಿಹಾರ ಕೊಡದೆ ಕಿತ್ತುಕೊಂಡಿದೆ ಅಂತ ವಾದಿಸಿದವು. 2012ರ ಆಗಸ್ಟ್‌ನಲ್ಲಿ ಆರು ನ್ಯಾಯಮೂರ್ತಿಗಳು ಸರ್ಕಾರದ ಪರ, ಒಬ್ಬರು ವಿರುದ್ಧ ನಿಂತರು. ಫಿಲಿಪ್ ಮಾರಿಸ್ ಕಂಪನಿ ಇನ್ನೊಂದು ದಾರಿ ಹಿಡಿಯಿತು. ತನ್ನ ಆಸ್ಟ್ರೇಲಿಯಾದ ವ್ಯವಹಾರದ ಷೇರುಗಳನ್ನು 2011ರಲ್ಲಿ ಹಾಂಗ್‌ಕಾಂಗ್‌ನ ತನ್ನದೇ ಕಂಪನಿಗೆ ವರ್ಗಾಯಿಸಿತು. ಹಾಂಗ್‌ಕಾಂಗ್ ಮತ್ತು ಆಸ್ಟ್ರೇಲಿಯಾ ನಡುವಿನ ಹೂಡಿಕೆ ಒಪ್ಪಂದದಡಿ ಕೇಸು ಹಾಕಿತು. ಕೇಸು ಹಾಕುವುದಕ್ಕೆಂದೇ ಹೀಗೆ ಮಾಡಿದ್ದು ಕಾನೂನಿನ ದುರುಪಯೋಗ ಅಂತ ಹೇಳಿ ನ್ಯಾಯಮಂಡಳಿ 2015ರಲ್ಲಿ ಅದನ್ನು ವಜಾ ಮಾಡಿತು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಹೊಂಡುರಾಸ್, ಡೊಮಿನಿಕನ್ ಗಣರಾಜ್ಯ, ಕ್ಯೂಬಾ, ಇಂಡೊನೇಷ್ಯಾ ದೂರು ಕೊಟ್ಟವು. 2018ರಲ್ಲಿ ತೀರ್ಪು ಆಸ್ಟ್ರೇಲಿಯಾ ಪರ ಬಂತು, 2020ರಲ್ಲಿ ಮೇಲ್ಮನವಿಯೂ ಬಿತ್ತು. ಒಂದೊಂದೇ ಕೇಸು ಗೆದ್ದಂತೆ ಬೇರೆ ದೇಶಗಳಿಗೂ ಧೈರ್ಯ ಬಂತು. ಬ್ರಿಟನ್, ಫ್ರಾನ್ಸ್ ಮೊದಲೇ ಹೊರಟಿದ್ದವು. ನ್ಯೂಜಿಲೆಂಡ್, ಕೆನಡಾ, ಟರ್ಕಿ, ಸೌದಿ ಅರೇಬಿಯಾ, ಸಿಂಗಾಪುರ ಸೇರಿಕೊಂಡವು. ಏಷ್ಯಾದಲ್ಲಿ ಮೊದಲು ಮಾಡಿದ್ದು ಥಾಯ್ಲೆಂಡ್, 2019ರಲ್ಲಿ.

ಭಾರತ ಇನ್ನೂ ಅಲ್ಲಿಗೆ ಹೋಗಿಲ್ಲ. ಆದರೆ ನಾವು ಅರ್ಧ ದಾರಿ ನಡೆದಿದ್ದೇವೆ. 2009ರ ಮೇ 31ರಂದು ನಮ್ಮ ಪ್ಯಾಕುಗಳ ಮೇಲೆ ಚಿತ್ರ ಬಂತು, ಮುಂಬದಿಯ ಶೇ. 40 ಜಾಗದಲ್ಲಿ ಮಾತ್ರ. 2016ರ ಏಪ್ರಿಲ್ 1ರಿಂದ ಹಿಂದೆ, ಮುಂದೆ ಎರಡೂ ಕಡೆ ಶೇ. 85 ಆಯಿತು. ಆಸ್ಟ್ರೇಲಿಯಾದ ಮುಂಬದಿಗಿಂತ ನಮ್ಮ ಚಿತ್ರವೇ ದೊಡ್ಡದು. ಕಂಪನಿಗೆ ಉಳಿದದ್ದು ಕೆಳಗಿನ ಪಟ್ಟಿ ಮತ್ತು ಪ್ಯಾಕಿನ ಪಕ್ಕದ ಭಾಗಗಳು. ಅಷ್ಟರಲ್ಲೇ ಅದು ತನ್ನ ಕೆಂಪು, ನೀಲಿ, ಚಿನ್ನದ ಬಣ್ಣ ತೋರಿಸಬೇಕು.

ಈ ಬದಲಾವಣೆಯ ಫಲ ನಮ್ಮದೇ ದೇಶದ ಸಮೀಕ್ಷೆಯಲ್ಲಿದೆ. ಕೇಂದ್ರ ಆರೋಗ್ಯ ಇಲಾಖೆ ವಯಸ್ಕರ ತಂಬಾಕು ಸಮೀಕ್ಷೆಯನ್ನು 2009-10ರಲ್ಲಿ ಒಮ್ಮೆ, 2016-17ರಲ್ಲಿ ಇನ್ನೊಮ್ಮೆ ಮಾಡಿಸಿತು. ಪ್ಯಾಕಿನ ಮೇಲಿನ ಎಚ್ಚರಿಕೆ ನೋಡಿ ಬಿಡಬೇಕು ಅಂತ ಯೋಚಿಸಿದಿರಾ ಅಂತ ಕೇಳಿದಾಗ, ಸಿಗರೇಟು ಸೇದುವವರಲ್ಲಿ ಹೌದು ಅಂದವರು ಶೇ. 38ರಿಂದ ಶೇ. 61.9ಕ್ಕೆ ಏರಿದ್ದರು. ಬೀಡಿ ಸೇದುವವರಲ್ಲಿ ಶೇ. 29.3ರಿಂದ ಶೇ. 53.8. ಜಗಿಯುವ ತಂಬಾಕಿನವರಲ್ಲಿ ಶೇ. 33.9ರಿಂದ ಶೇ. 46.2. ಎರಡನೇ ಸಮೀಕ್ಷೆ ನಡೆದದ್ದು ದೊಡ್ಡ ಚಿತ್ರ ಬಂದ ಕೆಲವೇ ತಿಂಗಳಲ್ಲಿ. ಓದು ಬರಹ ಬಾರದವನಿಗೂ ಆ ಚಿತ್ರ ಅರ್ಥವಾಗುತ್ತದೆ, ಅದೇ ಅದರ ಶಕ್ತಿ.

ಆ ಶೇ. 85ರ ಚಿತ್ರ ಉಳಿದದ್ದೂ ಸುಲಭವಾಗಿ ಅಲ್ಲ. ದೇಶದ ಬೇರೆ ಬೇರೆ ಕೋರ್ಟುಗಳಲ್ಲಿದ್ದ ಕೇಸುಗಳನ್ನೆಲ್ಲ ಸುಪ್ರೀಂ ಕೋರ್ಟು ನಮ್ಮ ಕರ್ನಾಟಕ ಹೈಕೋರ್ಟಿಗೆ ಕಳಿಸಿತ್ತು. 2017ರ ಡಿಸೆಂಬರ್‌ನಲ್ಲಿ ಹೈಕೋರ್ಟು ಆ ನಿಯಮವನ್ನು ರದ್ದು ಮಾಡಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಹಾಗಾಗಿ ಚಿತ್ರ ಇಂದಿಗೂ ಪ್ಯಾಕಿನ ಮೇಲಿದೆ.

ಇನ್ನು ಬೆಳಗಾವಿಗೆ ಬರೋಣ.

ಕಾಲೇಜು ರಸ್ತೆಯ ಒಂದು ಪಾನಪಟ್ಟಿ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಮುಂದೆ ಗಾಜಿನ ಬರಣಿಗಳಲ್ಲಿ ಚಾಕೊಲೇಟು, ಚಿಕ್ಕಿ. ಮೇಲಿನಿಂದ ಇಳಿಬಿಟ್ಟ ಪಾನ್ ಮಸಾಲಾ ಸರ. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಒಂದು ಲೈಟರ್. ಹುಡುಗ ಬೈಕ್ ನಿಲ್ಲಿಸಿ ಬರುತ್ತಾನೆ. ‘ಕಾಕಾ, ಒಂದು ಸಿಗರೇಟ್ ಕೊಡ್ರಿ’ ಅನ್ನುತ್ತಾನೆ. ‘ಯಾವುದಪಾ, ಸಣ್ಣದೋ ದೊಡ್ಡದೋ?’ ಅಂತ ಕೇಳಿ ಅಂಗಡಿಯವರು ಕೆಳಗೆ ಕೈ ಹಾಕುತ್ತಾರೆ. ಮುಚ್ಚಳ ಮೊದಲೇ ತೆರೆದಿಟ್ಟ ಪ್ಯಾಕಿನಿಂದ ಒಂದನ್ನು ಎಳೆದು ಕೊಡುತ್ತಾರೆ. ಪ್ಯಾಕು ಅಂಗಡಿಯವರ ಮೊಣಕಾಲ ಹತ್ತಿರವೇ ಉಳಿಯುತ್ತದೆ. ಹುಡುಗನ ಕೈಗೆ ಬಂದದ್ದು ಬಿಳಿ ಕಡ್ಡಿ, ಅದರ ಮೇಲೆ ಫಿಲ್ಟರ್ ಹತ್ತಿರ ಚಿನ್ನದ ಗೆರೆ ಮತ್ತು ಬ್ರಾಂಡಿನ ಹೆಸರು. ದಾರದ ಲೈಟರ್‌ನಿಂದ ಹಚ್ಚಿಕೊಂಡು ಅವನು ಬೈಕಿನ ಕಡೆ ಹೋಗುತ್ತಾನೆ. ಶೇ. 85ರ ಚಿತ್ರಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋದ ಹೋರಾಟ ಆ ಹುಡುಗನ ಕಣ್ಣಿಗೆ ಒಂದು ಸಲವೂ ಬೀಳಲಿಲ್ಲ. ಬ್ರಾಂಡು ಬಿತ್ತು.

ಆಸ್ಟ್ರೇಲಿಯಾದಲ್ಲಿ ಹೀಗೆ ಆಗುವುದಿಲ್ಲ. ಅಲ್ಲಿ ಇಡೀ ಪ್ಯಾಕು ಕೊಳ್ಳಬೇಕು. ಅದು ಅವನ ಜೇಬಿನಲ್ಲಿ, ಮೇಜಿನ ಮೇಲೆ, ಹೆಂಡತಿ ಮಕ್ಕಳ ಕಣ್ಣ ಮುಂದೆ ಇರುತ್ತದೆ. ಕಡ್ಡಿಯ ಮೇಲೂ ಬ್ರಾಂಡು ಬರೆಯುವಂತಿಲ್ಲ. ಅಲ್ಲಿಯ 0.55 ಅಂಶದ ಇಳಿಕೆ ಹುಟ್ಟಿದ್ದು ಈ ವ್ಯವಸ್ಥೆಯೊಳಗೆ. ಅದನ್ನು ಹಾಗೇ ಎತ್ತಿ ತಂದು ನಮ್ಮಲ್ಲೂ ಇಷ್ಟು ಇಳಿಯುತ್ತದೆ ಅಂತ ಹೇಳಲಾಗದು. ಹೀಗೆ ಒಂದೊಂದೇ ಕಡ್ಡಿ ಮಾರುವ ಬಿಡಿ ಮಾರಾಟಕ್ಕೆ ಇನ್ನೊಂದು ಕೆಟ್ಟ ಗುಣವಿದೆ. ಇಡೀ ಪ್ಯಾಕಿಗೆ ದುಡ್ಡಿಲ್ಲದ ಹುಡುಗನೂ ಒಂದು ಕಡ್ಡಿ ಕೊಳ್ಳಬಲ್ಲ. ತೆರಿಗೆ ಏರಿಸಿ ಬೆಲೆ ಹೆಚ್ಚಿಸಿದರೂ ಏಟು ಅವನಿಗೆ ಒಂದೊಂದೇ ಕಡ್ಡಿಯಷ್ಟು ಹಗುರವಾಗಿ ತಾಗುತ್ತದೆ.

ಬೀಡಿಯ ಕಥೆ ಬೇರೆ, ಮತ್ತು ಅದರ ಬಗ್ಗೆ ನಾವು ಸಾಕಷ್ಟು ಮಾತಾಡುವುದಿಲ್ಲ. ಭಾರತದಲ್ಲಿ ಸಿಗರೇಟಿಗಿಂತ ಬೀಡಿ ಸೇದುವವರೇ ಜಾಸ್ತಿ. 2016-17ರ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಸಿಗರೇಟಿನವರು ಶೇ. 4, ಬೀಡಿಯವರು ಶೇ. 7.7. ಬೀಡಿಯನ್ನು ಸಾಮಾನ್ಯವಾಗಿ ಕಟ್ಟುಗಟ್ಟಲೆ ಕೊಳ್ಳುತ್ತಾರೆ. ಹೊಲಕ್ಕೆ ಹೋಗುವ ಅಜ್ಜ ಅಂಗಿಯ ಒಳಜೇಬಿನಲ್ಲಿ ಕಟ್ಟು ಇಟ್ಟುಕೊಂಡೇ ಹೋಗುತ್ತಾನೆ, ಬದುವಿನ ಮೇಲೆ ಕುಳಿತು ತೆಗೆಯುತ್ತಾನೆ. ಅಂದರೆ ಸಾದಾ ಪ್ಯಾಕಿನ ಕಾನೂನು ನಮ್ಮಲ್ಲಿ ನಿಜವಾಗಿ ಮುಟ್ಟುವುದಾದರೆ ಬೀಡಿಯವನನ್ನೇ ಮೊದಲು ಮುಟ್ಟುತ್ತದೆ. ಆದರೆ ಕಟ್ಟಿನ ತೆಳು ಕಾಗದದ ಮೇಲೆ ಈಗಿನ ಚಿತ್ರವೇ ಮಸಿ ಬಳಿದಂತೆ ಅಚ್ಚಾಗಿರುತ್ತದೆ. ಎಷ್ಟೋ ಕಟ್ಟುಗಳಲ್ಲಿ ಅದು ಏನು ಅಂತ ಗೊತ್ತಾಗುವುದಿಲ್ಲ. ಕಂಪನಿಯ ಗುರುತು, ಮಾಲೀಕರ ಫೋಟೋ ಮಾತ್ರ ಸ್ಪಷ್ಟ. ಸಾದಾ ಪ್ಯಾಕಿನ ನಿಯಮ ಬರೆಯುವವರು ದೊಡ್ಡ ಕಂಪನಿಗಳ ಡಬ್ಬಿಯನ್ನು ಮಾತ್ರ ನೋಡಿ ಬರೆದರೆ ಸೇದುವವರಲ್ಲಿ ದೊಡ್ಡ ಪಾಲು ಹೊರಗೇ ಉಳಿಯುತ್ತದೆ.

ಇನ್ನು ಜಗಿಯುವವರು. ಕರ್ನಾಟಕದಲ್ಲಿ ಅದೇ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸೇದುವವರು ಶೇ. 8.8, ಜಗಿಯುವವರು ಶೇ. 16.3. ಹೆಚ್ಚು ಕಡಿಮೆ ಎರಡರಷ್ಟು. ರಾಜ್ಯ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಆಯಿತು. ಕೊಳ್ಳುವವನು ಎರಡನ್ನೂ ಕೊಂಡು ಬಾಯಲ್ಲೇ ಕೂಡಿಸುತ್ತಾನೆ. ತಂಬಾಕಿನ ಚೀಟಿಯ ಮೇಲೆ ಎಚ್ಚರಿಕೆಯ ಚಿತ್ರ ಇರಬೇಕು, ಪಾನ್ ಮಸಾಲಾ ಚೀಟಿಗೆ ಆ ಚಿತ್ರದ ಕಟ್ಟಳೆ ಇಲ್ಲ. ಅದರ ಬಣ್ಣ, ಅದರ ಹೊಳಪು, ಅದರ ಜಾಹೀರಾತು ಎಲ್ಲ ಹಾಗೇ ನಡೆಯುತ್ತದೆ. ನಿಪ್ಪಾಣಿ, ಚಿಕ್ಕೋಡಿ ಕಡೆ ಅಂಗಡಿಯಲ್ಲೇ ಕಲಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕೊಡುವ ಮಾವಾಕ್ಕೆ ಪ್ಯಾಕೇ ಇಲ್ಲ, ಇನ್ನು ಸಾದಾ ಪ್ಯಾಕು ಎಲ್ಲಿಂದ ಬರಬೇಕು?

ನಿಪ್ಪಾಣಿ ಅಂದ ಮೇಲೆ ರೈತರ ಮಾತು ಬರಲೇಬೇಕು. ಆ ಊರಿನ ಹೆಸರು ದೇಶದ ಬೀಡಿ ಉದ್ಯಮಕ್ಕೆಲ್ಲ ಗೊತ್ತು. ಸಿಗರೇಟಿನ ತಂಬಾಕು ನಮ್ಮ ರಾಜ್ಯದಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುತ್ತದೆ, ತಂಬಾಕು ಮಂಡಳಿಯ ಹರಾಜಿನಲ್ಲಿ ಮಾರಾಟವಾಗುತ್ತದೆ. ನಿಪ್ಪಾಣಿಯ ಬೀಡಿ ತಂಬಾಕಿಗೆ ಆ ಮಂಡಳಿಯ ಆಸರೆ ಇಲ್ಲ. 1981ರಲ್ಲಿ ನ್ಯಾಯವಾದ ಬೆಲೆ ಕೇಳಿ ಸಾವಿರಾರು ರೈತರು ಅಲ್ಲಿ ಹೆದ್ದಾರಿಯ ಮೇಲೆ ಕುಳಿತರು. ಕೊನೆಗೆ ಪೊಲೀಸ್ ಗೋಲಿಬಾರಿನಲ್ಲಿ ಜೀವಗಳು ಹೋದವು. ತಂಬಾಕು ಬೆಳೆಯುವವನನ್ನು, ಬೀಡಿ ಕಟ್ಟುವ ಹೆಣ್ಣುಮಗಳನ್ನು ಶತ್ರು ಅಂತ ನೋಡುವುದು ತಪ್ಪು. ಅವರ ಬೆವರಿಗೆ ಸಿಕ್ಕಿದ್ದು ಬಹಳ ಕಡಿಮೆ. ಬಿಸಿಲಲ್ಲಿ ಎಲೆ ಮುಟ್ಟಿ, ಮುಚ್ಚಿದ ಕೋಣೆಯಲ್ಲಿ ಪುಡಿಯ ಧೂಳು ಉಸಿರಾಡಿ ಕಾಯಿಲೆ ಬಿದ್ದವರೂ ಅವರೇ.

ಸಾದಾ ಪ್ಯಾಕು ಬಂದರೆ ಅವರು ಬೀದಿಗೆ ಬೀಳುತ್ತಾರೆ ಅಂತ ಉದ್ಯಮದವರು ಹೇಳುತ್ತಾರೆ. ಮೂರು ವರ್ಷಕ್ಕೆ ಅರ್ಧ ಅಂಶ ಇಳಿಸುವ ಕಾನೂನು ಯಾರನ್ನೂ ರಾತ್ರೋರಾತ್ರಿ ಬೀದಿಗೆ ತಳ್ಳುವುದಿಲ್ಲ. ಬೇರೆ ಬೆಳೆ, ಬೇರೆ ಕೆಲಸ ಹುಡುಕಲು ಅದು ಹತ್ತಾರು ವರ್ಷ ಸಮಯ ಕೊಡುತ್ತದೆ. ಆ ಸಮಯವನ್ನು ಸರ್ಕಾರ ನಿಜವಾಗಿ ಬಳಸಬೇಕು. ಬೀಡಿ ಕಟ್ಟುವ ಹೆಂಗಸರಿಗೆ ಬೇರೆ ದುಡಿಮೆ ಕಲಿಸುವ ಮಾತು ಕಾಗದದಲ್ಲೇ ಉಳಿದರೆ ಅವರ ಸಿಟ್ಟಿನಲ್ಲಿ ನ್ಯಾಯವಿರುತ್ತದೆ.

ಹಾಗಾದರೆ ನಮ್ಮ ಕಡೆ ಮೊದಲು ಆಗಬೇಕಾದ್ದು ಏನು? ನನ್ನ ಪ್ರಕಾರ ಬಿಡಿ ಮಾರಾಟ ನಿಲ್ಲಬೇಕು. ಕಾನೂನು ಇಲ್ಲದೆ ಇಲ್ಲ. 2017ರಲ್ಲೇ ಕರ್ನಾಟಕ ಸರ್ಕಾರ ಬಿಡಿ ಸಿಗರೇಟು, ಬೀಡಿ ಮಾರಬಾರದು ಅಂತ ಆದೇಶ ಮಾಡಿತ್ತು. ಆಮೇಲೆ ವಿಧಾನಮಂಡಲ 2024ರಲ್ಲಿ ತಂಬಾಕು ಕಾಯ್ದೆಗೆ ರಾಜ್ಯದ ತಿದ್ದುಪಡಿ ತಂದಿತು, 2025ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. ಈಗ 21 ವರ್ಷ ತುಂಬದವರಿಗೆ ಮಾರುವಂತಿಲ್ಲ. ಶಾಲೆ ಕಾಲೇಜುಗಳ 100 ಮೀಟರ್ ಒಳಗೆ ಮಾರುವಂತಿಲ್ಲ. ಬಿಡಿಯಾಗಿ ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿಗೆ ಏರಿದೆ. ಕಾಗದದ ಮೇಲೆ ಒಳ್ಳೆ ಕಾನೂನು. ಆದರೆ ಅದನ್ನು ಜಾರಿ ಮಾಡುವುದು ಅಂದರೆ ಆ ಪಾನಪಟ್ಟಿ ಅಂಗಡಿಯ ಕಾಕಾನಿಗೆ ದಂಡ ಹಾಕುವುದು. ದಿನದ ದುಡಿಮೆಯಲ್ಲಿ ಮನೆ ನಡೆಸುವವರು ಅವರು. ದಂಡ ಒಂದೇ ಸಾಲದು. ಹಾಲು, ಚಹಾ, ಬಿಸ್ಕತ್ತು ಮಾರಿ ಅಷ್ಟೇ ಲಾಭ ಬರುವ ಹಾಗೆ ಮಹಾನಗರ ಪಾಲಿಕೆ ಅವರಿಗೆ ದಾರಿ ಮಾಡಿಕೊಡಬೇಕು. ತಂಬಾಕು ಮಾರುವ ಅಂಗಡಿಗೇ ಬೇರೆ ಲೈಸೆನ್ಸ್ ಇಟ್ಟು, ಆ ಅಂಗಡಿಯಲ್ಲಿ ಮಕ್ಕಳ ತಿಂಡಿ ಮಾರದಂತೆ ಮಾಡಿದರೆ ಇನ್ನೂ ಒಳ್ಳೆಯದು. ಚಾಕೊಲೇಟಿನ ಬರಣಿ ಪಕ್ಕದಲ್ಲಿ ಸಿಗರೇಟು ಇದ್ದರೆ ಎಂಟು ವರ್ಷದ ಮಗುವಿಗೂ ಅದು ದಿನಸಿಯ ಹಾಗೇ ಮಾಮೂಲಿ ವಸ್ತು ಅನ್ನಿಸುತ್ತದೆ.

ಬಿಡಿ ಮಾರಾಟ ಪೂರ್ತಿ ನಿಲ್ಲುವವರೆಗೆ ಕಾಯಬೇಕೇ? ಕಾಯಬೇಕಿಲ್ಲ. ಕೆನಡಾ ಇದಕ್ಕೊಂದು ಉಪಾಯ ತೋರಿಸಿದೆ. 2023ರಲ್ಲಿ ಬಂದ ಅಲ್ಲಿಯ ನಿಯಮದಂತೆ ಈಗ ಒಂದೊಂದು ಸಿಗರೇಟಿನ ಮೇಲೂ, ಫಿಲ್ಟರಿನ ಹತ್ತಿರ, ಎಚ್ಚರಿಕೆ ಅಚ್ಚಾಗಿರುತ್ತದೆ. ಪ್ರತಿ ದಮ್ಮಿನಲ್ಲೂ ವಿಷ, ಹೊಗೆಯಿಂದ ಮಕ್ಕಳಿಗೆ ಹಾನಿ, ಹೀಗೆ. ಆಸ್ಟ್ರೇಲಿಯಾ 2025ರಿಂದ ಅದನ್ನೇ ಮಾಡಿದೆ. ಆ ದೇಶಗಳಿಗೆ ಇದು ಹೆಚ್ಚುವರಿ ಕ್ರಮ. ನಮಗೆ ಇದೇ ಮುಖ್ಯ ಕ್ರಮ ಆಗಬೇಕು, ಯಾಕೆಂದರೆ ನಮ್ಮ ಹುಡುಗನ ಕೈಗೆ ಬರುವುದು ಕಡ್ಡಿ ಮಾತ್ರ. ಚಿನ್ನದ ಗೆರೆ ಇರುವ ಜಾಗದಲ್ಲಿ ಕನ್ನಡದಲ್ಲಿ ‘ಇದರಿಂದ ಕ್ಯಾನ್ಸರ್ ಬರುತ್ತದೆ’ ಅಂತ ಬರೆದಿದ್ದರೆ, ದಾರದ ಲೈಟರ್ ಹಚ್ಚುವಾಗ ಅದು ಅವನ ಬೆರಳ ನಡುವೆಯೇ ಇರುತ್ತದೆ. ಸಾದಾ ಪ್ಯಾಕಿನ ಜೊತೆ ಸಾದಾ ಕಡ್ಡಿ, ಕಡ್ಡಿಯ ಮೇಲೆ ಎಚ್ಚರಿಕೆ. ಭಾರತದಲ್ಲಿ ಕಾನೂನು ಬರೆಯುವುದಾದರೆ ಈ ಮೂರೂ ಒಟ್ಟಿಗೆ ಬರಬೇಕು. ಪಾನ್ ಮಸಾಲಾ ಚೀಟಿಗೂ ಅದೇ ನಿಯಮ ಅನ್ವಯಿಸಬೇಕು.

ಕೊನೆಯದಾಗಿ ಒಂದು ಉಪಯೋಗದ ಮಾತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಭಾಗದಲ್ಲಿ ಸಾದಾ ಪ್ಯಾಕು ಬಂದ ಮೇಲೆ ಸಿಗರೇಟು ಬಿಡಲು ಸಹಾಯ ಕೇಳುವ ಫೋನ್ ಕರೆಗಳು ಶೇ. 78 ಹೆಚ್ಚಾದವು. ಬಿಡಬೇಕು ಅನ್ನಿಸಿದ ಕ್ಷಣದಲ್ಲಿ ಫೋನ್ ನಂಬರು ಕಣ್ಣೆದುರು ಇದ್ದದ್ದೂ ನೆರವಾಗಿರಬಹುದು. 2018ರಿಂದ ನಮ್ಮ ಪ್ಯಾಕುಗಳ ಮೇಲೂ ಅಂಥ ನಂಬರು ಇದೆ: 1800-11-2356. ಕರೆಗೆ ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೂ ಮಾತಾಡುತ್ತಾರೆ. ಯಾವ ದಿನ ಬಿಡುವುದು ಅಂತ ನಿಗದಿ ಮಾಡಲು, ಚಡಪಡಿಕೆ ತಡೆಯಲು ಸಲಹೆ ಕೊಡುತ್ತಾರೆ. ಒಂದೊಂದೇ ಕಡ್ಡಿ ಕೊಳ್ಳುವವರು ಈ ನಂಬರನ್ನು ಬಹುಶಃ ನೋಡಿಯೇ ಇರುವುದಿಲ್ಲ. ನಿಮ್ಮ ಮನೆಯಲ್ಲಿ, ಗೆಳೆಯರಲ್ಲಿ ಅಂಥವರಿದ್ದರೆ ಅವರ ಮೊಬೈಲಿನಲ್ಲಿ ಇದನ್ನು ಹಾಕಿಕೊಡಿ.